ಹುಲಿರಾಯರ ಕಾರಿನ ಬಾಗಿಲು

ಹಳೆಯ ಕಾರಿನೊಳಗೆ ಹುಲಿ, ಪಕ್ಕದಲ್ಲೇ ನರಿ, ಬಾಗಿಲು ಭದ್ರವಾಗಿ ಮುಚ್ಚಿದೆ, ಹೊತ್ತು ಊಟದ್ದು. ಮುಂದೇನಾಗಿರಬೇಕು, ಹೇಳಿ ನೋಡೋಣ? ಹುಲಿ ನರಿಯನ್ನು ತಿಂದಿತು ಅಂತೀರಾ? ತಪ್ಪು! ಅವಸರ ಬೇಡ, ಕೇಳಿ.

ಒಂದು ಕಾಡಿನಲ್ಲಿ ಹುಲಿರಾಯರಿಗೆ ಒಂದು ಕಾರಿತ್ತು. ಯಾವುದೋ ಕಾಲದಲ್ಲಿ ಬೇಟೆಗೆ ಬಂದ ದೊರೆಯೊಬ್ಬ ಅದನ್ನು ಬಿಟ್ಟು ಓಡಿದ್ದ. ಯಾಕೆ ಓಡಿದ ಎಂಬುದನ್ನು ಮಾತ್ರ ರಾಯರು ಹೇಳುತ್ತಿರಲಿಲ್ಲ. ಇಂಜಿನ್ ಸತ್ತು ಎಷ್ಟೋ ಕಾಲವಾಗಿತ್ತು. ಆದರೇನು? ಹಿಂದಿನಿಂದ ಆನೆ ದೊಡ್ಡಯ್ಯ ನೂಕುತ್ತಿದ್ದ, ರಾಯರು ಗತ್ತಿನಿಂದ ಸ್ಟೀರಿಂಗ್ ಹಿಡಿಯುತ್ತಿದ್ದರು. ಇದ್ದದ್ದು ಎರಡೇ ಬಾಗಿಲು. ಬಲಗಡೆಯದು, ದೊಡ್ಡಯ್ಯ ಒಮ್ಮೆ ಮೈ ಉಜ್ಜಿದ್ದಕ್ಕೆ ನೆಗ್ಗಿ ಕಚ್ಚಿಕೊಂಡಿತ್ತು. ಎಡಗಡೆಯದರ ಬೀಗ ಸಡಿಲ. ತಿರುವಿನಲ್ಲಿ ತಾನೇ ತೆರೆದುಕೊಳ್ಳುತ್ತಿತ್ತು. ಮೊನ್ನೆಯಷ್ಟೇ ರಾಯರು ಸೀಟಿನುದ್ದಕ್ಕೂ ಜಾರಿ ಕೆಸರಿಗೆ ಬಿದ್ದಿದ್ದರು.

"ಬಾಗಿಲು ಸರಿಮಾಡಿದವರು ನನ್ನ ಪಕ್ಕದ ಸೀಟಿನಲ್ಲಿ ಕೂರಬಹುದು!" ಎಂದು ಗರ್ಜಿಸಿದರು.

ನರಿ ಜಂಬಣ್ಣನ ಕಿವಿ ನೆಟ್ಟಗಾಯಿತು. ಆ ಸೀಟಿಗಾಗಿ ಅವನು ಎಷ್ಟು ಮಳೆಗಾಲ ಹಲ್ಲು ಕಿರಿದಿದ್ದನೋ! "ನನಗೆ ಬಿಡಿ ಮಹಾಸ್ವಾಮಿ," ಎಂದು ಮುಂದೆ ಬಂದ.

ಮುಳ್ಳುಹಂದಿ ಈರಕ್ಕ ಮೂಗು ತೂರಿಸಿದಳು. "ಲೋ ಜಂಬಣ್ಣ, ಬೀಗದೊಳಗೆ ಸ್ಪ್ರಿಂಗ್ ಇರುತ್ತೆ, ಬಿಟ್ಟರೆ ಹಾರುತ್ತೆ. ಒಬ್ಬರು ಅದುಮಿ ಹಿಡೀಬೇಕು, ಇನ್ನೊಬ್ಬರು ಪಿನ್ನು ತೂರಿಸಬೇಕು. ನಾನು ಹಿಡ್ಕೋತೀನಿ, ಬಾ."

ಇಬ್ಬರು ಮಾಡಿದರೆ ಸೀಟು? ಅದೂ ಇಬ್ಬರಿಗೆ! ಜಂಬಣ್ಣ ಬಾಗಿಲಿಗೆ ಅಡ್ಡ ಬಂದು ನಿಂತ. "ನಿನ್ನ ಮುಳ್ಳು ತಾಗಿ ಸೀಟು ಹರಿದುಹೋದೀತು. ದೂರ ನಿಲ್ಲಕ್ಕ."

"ಆಯ್ತಪ್ಪಾ, ಇಂಜಿನಿಯರ್ ಸಾಹೇಬ್ರೇ!" ಎಂದು ಈರಕ್ಕ ಹೋದಳು.

ಜಂಬಣ್ಣ ಬೀಗದ ಮುಚ್ಚಳ ತೆಗೆದ. ಸ್ಪ್ರಿಂಗ್ ಅದುಮಿದ. ಪಿನ್ನಿಗೆ ಪಂಜ ಚಾಚಿದ. ಟಣ್! ಸ್ಪ್ರಿಂಗ್ ಅವನ ಮೂಗಿಗೆ ಬಡಿದು ಲಂಟಾನದ ಪೊದೆಗೆ ಹಾರಿತು. ಹುಡುಕಿದ. ಮುಳ್ಳು ಚುಚ್ಚಿತೇ ಹೊರತು ಸ್ಪ್ರಿಂಗ್ ಸಿಗಲಿಲ್ಲ. ಯಾರನ್ನಾದರೂ ಕರೆಯೋಣವೆಂದರೆ ಮಾನದ ಪ್ರಶ್ನೆ. ಬೀಗದ ಹೊಟ್ಟೆಗೆ ಹಲಸಿನ ಮೇಣ ತುಂಬಿ ಮುಚ್ಚಳ ಬಿಗಿದ. ನೆಲದಲ್ಲಿ ಉಳಿದಿದ್ದ ಸ್ಕ್ರೂಗಳನ್ನು ಬಾಲದಿಂದ ಗುಡಿಸಿ ಮಣ್ಣು ಮುಚ್ಚಿದ.

ಪ್ರಾಣಿಗಳೆಲ್ಲ ನೆರೆದವು. ರಾಯರೂ ಜಂಬಣ್ಣನೂ ಹತ್ತಿ ಕೂತರು. ಬಾಗಿಲು ಗಪ್ಪನೆ ಮುಚ್ಚಿತು. "ಆಹಾ, ಏನು ಬಿಗಿ!" ಎಂದರು ರಾಯರು. ತಿರುವಿನಲ್ಲೂ ಅಲುಗಲಿಲ್ಲ. ಹಿಂದೆ ಬರುತ್ತಿದ್ದವರಿಗೆಲ್ಲ ಜಂಬಣ್ಣ ಗಾಜಿನೊಳಗಿಂದಲೇ ಪಂಜ ಬೀಸಿದ.

ಕೆರೆಯ ದಂಡೆ ಬಂತು. ಅಲ್ಲಿ ರಾಯರ ಊಟ ಕಾದಿತ್ತು. ಹಿಡಿ ತಿರುಗಿಸಿದರು. ಬಾಗಿಲು ತೆರೆಯಲಿಲ್ಲ. ಒದ್ದರು. ಊಹೂಂ! ಮೇಣ ಕಚ್ಚಿ ಹಿಡಿದಿತ್ತು.

"ಜಂಬಣ್ಣ," ಎಂದರು ರಾಯರು, ತುಂಬ ಮೃದುವಾಗಿ, "ನನಗೆ ಹಸಿವಾಗ್ತಿದೆ."

ಆ ಸೀಟು ಎಷ್ಟು ಚಿಕ್ಕದೆಂದು ಜಂಬಣ್ಣನಿಗೆ ಆಗಲೇ ಹೊಳೆದದ್ದು. ಗಾಜಿನ ಸಂದಿಗೆ ಬಾಯಿಟ್ಟು ಕಿರುಚಿದ: "ಈರಕ್ಕಾ! ದೊಡ್ಡಯ್ಯಾ! ಸ್ಪ್ರಿಂಗ್ ಹಾಕೇ ಇಲ್ಲ! ಮೇಣ ತುರುಕಿದೀನಿ! ಕಾಪಾಡ್ರಪ್ಪಾ!"

"ಆಗ ಒಬ್ಬನೇ ಸಾಕಾಗಿತ್ತು, ಈಗ ಕಾಡೆಲ್ಲ ಬೇಕಾಯ್ತಾ?" ಎಂದು ಈರಕ್ಕ ಹೊಟ್ಟೆ ಹಿಡಿದು ನಕ್ಕಳು. ದೊಡ್ಡಯ್ಯ ಸೊಂಡಿಲು ಸುತ್ತಿ ಎಳೆದ. ಬಾಗಿಲು ಕೀಲುಸಮೇತ ಕಿತ್ತುಬಂತು.

ಜಂಬಣ್ಣ ಹಾರಿ ಓಡುವಷ್ಟರಲ್ಲಿ ರಾಯರ ಪಂಜ ಅವನ ಬಾಲದ ಮೇಲಿತ್ತು. "ಎಲ್ಲಿಗೆ? ಬಾಗಿಲು ಹೋಯಿತು. ಇನ್ನು ಮೇಲೆ ನೀನೇ ಬಾಗಿಲು!"

ವಾಪಸು ದಾರಿಯುದ್ದಕ್ಕೂ ಜಂಬಣ್ಣ ಆ ಖಾಲಿ ಜಾಗಕ್ಕೆ ಅಡ್ಡಲಾಗಿ ಕೈಕಾಲು ಚಾಚಿ ನಿಂತ. ತಿರುವು ಬಂದಾಗಲೆಲ್ಲ ರಾಯರು ಇಡಿಯಾಗಿ ಅವನ ಮೇಲೆ ಜಾರಿದರು. ಗುಹೆ ಮುಟ್ಟಿದ ಮೇಲೆ ಪ್ರಾಣಿಗಳು ಕಾರಿಗೆ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿದವು. ಬಾಗಿಲಿಗೂ ಒಂದು ಹಾಕಬೇಕಲ್ಲ? ಜಂಬಣ್ಣನ ಕೊರಳಿಗೂ ಹಾಕಿದವು. ಯಾಕೆಂದರೆ ಅವತ್ತು ಆಶ್ವಯುಜ ಶುದ್ಧ ನವಮಿ, ಗುರುವಾರ, ಆಯುಧಪೂಜೆ.

ನೀತಿ: ಇಬ್ಬರ ಕೆಲಸವನ್ನು ಒಬ್ಬನೇ ಮಾಡಿ ಹೆಸರು ಗಿಟ್ಟಿಸಲು ಹೊರಟವನು, ಕೆಟ್ಟ ಮೇಲೆ ಅದರ ಭಾರವನ್ನೂ ಒಬ್ಬನೇ ಹೊರಬೇಕು.