ಬಾವುಟದ ನಾಲ್ಕನೆಯ ಹೆಸರು

ಮಠದ ಚರಿತ್ರೆ ಬರೆಯುತ್ತಿದ್ದ ಶಿಷ್ಯ ನಿರ್ವಾಣಪ್ಪ ಒಂದು ದಿನ ಗುರುಗಳನ್ನು ಕೇಳಿದ:

"ಬುದ್ಧಿ, ಪ್ಲೇಗಿನ ವರ್ಷ ಕೇರಿಯವರು ಆಸರೆ ಕೇಳಿಕೊಂಡು ಬಂದಾಗ ಮಠದವರು ಬಾಗಿಲು ಹಾಕಿಕೊಂಡರಂತೆ. ಹೊರಗೆ ಹನ್ನೊಂದು ಜನ ಸತ್ತರಂತೆ. ಇದನ್ನೂ ಬರೆಯಬೇಕೆ? ಹಿರಿಯರ ಮಾನದ ಪ್ರಶ್ನೆ."

"ಮಾನದ ಮಾತು ಆಮೇಲಾಯಿತು. ಲೇಖನಿ ಕೆಳಗಿಡು, ಮೊದಲು ಕತೆ ಕೇಳು" ಎಂದು ಗುರುಗಳು ಶುರುಮಾಡಿದರು.

ಕುಂಪಣಿಯವರ ಕಾಲದಲ್ಲಿ ಕಟ್ಟಿದ ಒಂದು ಕಾಲಾಳು ಪಲ್ಟಣವಿತ್ತು. ಗೆದ್ದ ಯುದ್ಧಗಳ ಹೆಸರನ್ನು ಬಾವುಟದ ಮೇಲೆ ಹೊಲಿಸುವುದು ಅಲ್ಲಿನ ಪದ್ಧತಿ. ಮೂರು ಹೆಸರಿದ್ದವು. ಪಲ್ಟಣಕ್ಕೆ ನೂರು ವರ್ಷ ತುಂಬಿದಾಗ ಹೊಸ ಕರ್ನಲ್ ಅದರ ಚರಿತ್ರೆ ಬರೆಯಲು ಕುಳಿತ. ಒಂದು ಗುಡ್ಡದ ಯುದ್ಧವನ್ನು ನಾಲ್ಕನೆಯದಾಗಿ ಸೇರಿಸಬೇಕೆಂದು ಅವನಿಗೆ ಆಸೆ. ಆ ಯುದ್ಧ ಕಂಡವನು ಉಳಿದಿದ್ದುದು ಒಬ್ಬನೇ, ಒಬ್ಬ ಮುದಿ ಸುಬೇದಾರ. ಕರ್ನಲ್ ಅವನನ್ನು ಕರೆಸಿ, ಬರೆದದ್ದನ್ನು ಓದಿ ಹೇಳಿದ. ಕಹಳೆ ಕೂಗಿದೊಡನೆ ಪಲ್ಟಣ ಗುಡ್ಡ ಹತ್ತಿತು, ಶತ್ರುವನ್ನು ಓಡಿಸಿತು ಎಂದಿತ್ತು.

"ಕಣ್ಣಾರೆ ಕಂಡೆನೆಂದು ರುಜು ಹಾಕು, ಸುಬೇದಾರ್. ಉತ್ಸವದ ದಿನ ಬಾವುಟ ಹಿಡಿಯುವವನು ನೀನೇ."

ಒಮ್ಮೆ ಆ ಬಾವುಟ ಹಿಡಿಯಬೇಕೆಂದು ಸುಬೇದಾರ ಜನ್ಮವೆಲ್ಲ ಹಂಬಲಿಸಿದ್ದ. ಆದರೆ ನಲವತ್ತು ವರ್ಷದಿಂದ ಒಂದು ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ.

ಅವನು ಸಿಪಾಯಿಯಾಗಿದ್ದ ಕಾಲಕ್ಕೆ ಒಬ್ಬೊಬ್ಬರಿಗೂ ಅವರವರದೇ ಒಲೆ, ಒಲೆಯ ಸುತ್ತ ಒಂದು ಗೆರೆ. ಬೇರೆ ಜಾತಿಯವನ ಕಾಲು ಗೆರೆಯೊಳಗೆ ಬಿತ್ತೋ, ಅಡಿಗೆ ಮೈಲಿಗೆ. ಎಲ್ಲ ಚೆಲ್ಲಿ ಮತ್ತೆ ಮಾಡಬೇಕು. ಗುಡ್ಡದ ಯುದ್ಧದ ದಿನ ಕಹಳೆ ಕೂಗಿದಾಗ ಓಡುವ ಗಡಿಬಿಡಿಯಲ್ಲಿ ಒಬ್ಬ ಇವನ ಗೆರೆ ತುಳಿದುಬಿಟ್ಟ. ಇವನು ಅವನ ಕೊರಳಪಟ್ಟಿ ಹಿಡಿದ. ಸರಿ, ಇನ್ನೇನು! ಜಗಳ ಒಲೆಯಿಂದ ಒಲೆಗೆ ಹಬ್ಬಿತು. ಹಿಟ್ಟು ಚೆಲ್ಲಿದರು, ಮತ್ತೆ ನಾದಿದರು, ಮಹಾರಾಯರು ಉಂಡೇ ಹೊರಟರು. ಗುಡ್ಡದ ಮೇಲೆ ಕಾವಲಿಗಿದ್ದ ಬೇರೊಂದು ಪಲ್ಟಣದ ಮೂವತ್ತು ಜನ ಅಷ್ಟರಲ್ಲಿ ತಾವೇ ಕಾದಿ, ಶತ್ರುವನ್ನು ಓಡಿಸಿ, ಒಬ್ಬರೂ ಉಳಿಯದೆ ಸತ್ತಿದ್ದರು. ಅವರಲ್ಲಿ ಇವನ ಒಡಹುಟ್ಟಿದ ತಮ್ಮನೂ ಇದ್ದ. ಮುಟ್ಟಿದರೆ ಮೈ ಇನ್ನೂ ಬೆಚ್ಚಗಿತ್ತು.

ಸುಬೇದಾರ ಅಷ್ಟನ್ನೂ ಹೇಳಿ ಗಳಗಳನೆ ಅತ್ತ. ಕರ್ನಲ್‌ನ ಮುಖ ಕೆಂಪಾಯಿತು.

"ಇದನ್ನು ಬರೆದರೆ ಪಲ್ಟಣದ ಮಾನ ಉಳಿದೀತೇ?"

"ಮಾನ ಆ ಮೂವತ್ತು ಜನರದು, ಸಾಹೇಬರೇ. ಅದನ್ನು ನಮ್ಮ ಬಾವುಟಕ್ಕೆ ಹೊಲಿಸಬೇಡಿ."

ರುಜು ಬೀಳಲಿಲ್ಲ, ನಾಲ್ಕನೆಯ ಹೆಸರನ್ನು ಹೊಲಿಸಲಿಲ್ಲ. ಉತ್ಸವದ ದಿನ ಬಾವುಟ ಬೇರೊಬ್ಬನ ಕೈಗೆ ಹೋಯಿತು. ಸುಬೇದಾರ ಸಾಲಿನ ಕೊನೆಯಲ್ಲಿ ನಿಂತ. ಅವನಿಗೆ ಸಂಕಟವಾಗಲಿಲ್ಲವೆಂದಲ್ಲ, ಆಯಿತು. ಆದರೂ ಅಂದು ಮಧ್ಯಾಹ್ನ ಅವನು ಗೆರೆ ಎಳೆಯದೆ, ಎಲ್ಲರ ನಡುವೆ ಕುಳಿತು, ಹೊಟ್ಟೆ ತುಂಬ ಉಂಡ.

ಕತೆ ಮುಗಿಯಿತು. ನಿರ್ವಾಣಪ್ಪ ಲೇಖನಿ ಎತ್ತಿಕೊಂಡ.

"ಬರೆಯುತ್ತೇನೆ, ಬುದ್ಧಿ. ಆದರೆ ಅಂದು ಬಾಗಿಲು ಹಾಕಿದವರು ಯಾರೆಂದು ಹೇಳಲು ಈಗ ಯಾರೂ ಉಳಿದಿಲ್ಲವಲ್ಲ?"

"ಉಳಿದಿದ್ದಾನೆ, ಮರಿ, ಬಾಗಿಲು ಹಾಕಿದವನೇ ನಿನ್ನ ಎದುರಿಗೆ ಕೂತಿದ್ದಾನೆ" ಎಂದರು ಗುರುಗಳು.