ನರಿಯ ನಾಲ್ಕು ಹುಣಸೆಬೀಜ

ಆನೆ ಆಳುತ್ತಿದ್ದ ಒಂದು ರಾಜ್ಯ ಇತ್ತಂತೆ, ಮಕ್ಕಳೇ. ಅಲ್ಲೊಂದು ಕಟ್ಟಳೆ. ಯಾರು ಬೀಜದಾಟಕ್ಕೆ ಕರೆದರೂ ಒಲ್ಲೆ ಅನ್ನೋ ಹಾಗಿಲ್ಲ. ಹುಣಸೆಬೀಜದ ಒಂದು ಕಡೆ ಕಲ್ಲಿಗೆ ಉಜ್ಜಿ ಬಿಳಿ ಮಾಡೋದು. ಇನ್ನೊಂದು ಕಡೆ ಕಪ್ಪು. ಎಸೆದರೆ ಎರಡರಲ್ಲಿ ಒಂದು.

ಆ ರಾಜ್ಯದಲ್ಲಿ ಒಂದು ಹುಂಜ. ಅವನ ಹೆಂಡತಿ ಚುಕ್ಕಿ. ಗೂಡಲ್ಲಿ ನಾಲ್ಕು ಮೊಟ್ಟೆ.

ಒಂದು ದಿನ ನರಿ ನಾಲ್ಕು ಬೀಜ ಹಿಡಿದು ಬಂದ. ನಾಲ್ಕೂ ಬಿಳಿ ಬಿದ್ದರೆ ರಾಜ್ಯ ಬಿಟ್ಟೇ ಹೋಗ್ತೀನಿ, ಇಲ್ಲದಿದ್ದರೆ ಒಂದು ಮೊಟ್ಟೆ ಕೊಡು ಅಂದ.

"ಹೆದರಬೇಡ ಮಾವ. ಬೀಳುತ್ತೆ, ಇಲ್ಲಾ ಬೀಳಲ್ಲ. ನಿನಗರ್ಧ, ನನಗರ್ಧ."

ಹೌದಲ್ಲ ಅನ್ನಿಸಿತು ಹುಂಜನಿಗೆ. ಎಸೆದ. ಒಂದು ಮೊಟ್ಟೆ ಹೋಯಿತು. ಮರುದಿನ ಎಸೆದ. ಇನ್ನೊಂದು ಹೋಯಿತು. ಮೂರನೇ ದಿನ ಮತ್ತೊಂದು. ಉಳಿದದ್ದು ಒಂದೇ.

ಮೂರು ಸಲ ಸೋತಿದ್ದೀನಿ, ನಾಳೆ ಗೆದ್ದೇ ಗೆಲ್ತೀನಿ ಅಂದ ಹುಂಜ.

"ನೀವು ಸೋತದ್ದು ಬೀಜಕ್ಕೆ ಹೆಂಗ್ರೀ ಗೊತ್ತಾಗುತ್ತೆ?" ಅಂದಳು ಚುಕ್ಕಿ.

ಉಗುರಲ್ಲಿ ಮಣ್ಣಿನ ಮೇಲೆ ಗೀರಿದಳು. ಒಂದು ಬೀಜ ಬೀಳೋಕೆ ಎರಡು ದಾರಿ. ಎರಡು ಬೀಜಕ್ಕೆ ಎರಡೆರಡಲೆ ನಾಲ್ಕು. ಮೂರಕ್ಕೆ ಎಂಟು. ನಾಲ್ಕಕ್ಕೆ ಹದಿನಾರು. ನಿಮ್ಮ ಪುಸ್ತಕದಲ್ಲಿ, ಮಕ್ಕಳೇ, ಇದನ್ನೇ ಎರಡರ ಘಾತ ನಾಲ್ಕು ಅಂತಾರೆ. ಅಷ್ಟರಲ್ಲಿ ನಾಲ್ಕೂ ಬಿಳಿ ಆಗೋ ದಾರಿ ಒಂದೇ ಒಂದು.

"ಒಂದು ನಮ್ಮದು, ಹದಿನೈದು ಅವನದು. ಇದು ಅರ್ಧವೇನ್ರೀ?"

"ಲೆಕ್ಕ ನನ್ನ ಜುಟ್ಟಿಗೆ ಹತ್ತಲ್ಲ ಕಣೆ. ನೀನು ಗೀರಿದ್ದು ಕಾಣುತ್ತೆ," ಅಂದ ಹುಂಜ.

ಬೆಳಗಾಯಿತು. ಉಳಿದ ಮೊಟ್ಟೆ ತಗೊಂಡು ಚುಕ್ಕಿ ಆನೆರಾಜನ ಮುಂದೆ ನಿಂತಳು. ನರಿಯನ್ನು ಕರೆಸಿದರು. ಈ ಆಟ ಇಬ್ಬರಿಗೂ ಸಮವೋ ಅಂತ ರಾಜ ಕೇಳಿದ. ಸಮ ಮಹಾಸ್ವಾಮಿ, ನಮ್ಮಪ್ಪನಾಣೆ ಸಮ ಅಂದ ನರಿ.

"ಹಂಗಾದ್ರೆ ನರಿಯಣ್ಣ, ಇವತ್ತು ಅದಲು ಬದಲು ಮಾಡೋಣ. ನಾಲ್ಕೂ ಬಿಳಿ ಬಿದ್ದರೆ ಮೊಟ್ಟೆ ನಿನಗೆ. ಬೀಳದಿದ್ದರೆ ನೀನು ರಾಜ್ಯ ಬಿಡು," ಅಂದಳು ಚುಕ್ಕಿ.

ನರಿ ಬಾಲ ಕೆರೆದುಕೊಂಡ. ಹೊಟ್ಟೆನೋವು ಅಂದ. ಆಟಕ್ಕೆ ಕರೆದ ಮೇಲೆ ಒಲ್ಲೆ ಅನ್ನೋ ಹಾಗಿಲ್ಲ ಅಂದ ರಾಜ.

ನರಿ ಎಸೆದ. ಒಂದು ಬಿಳಿ. ಎರಡು ಬಿಳಿ. ಮೂರೂ ಬಿಳಿ. ಹದಿನಾರರಲ್ಲಿ ಒಂದು ಅವನಿಗೂ ಇತ್ತಲ್ಲ, ಚುಕ್ಕಿ ಮೊಟ್ಟೆಯನ್ನು ರೆಕ್ಕೆಯೊಳಗೆ ಒತ್ತಿಕೊಂಡಳು. ನಾಲ್ಕನೇದು ಉರುಳಿತು, ಉರುಳಿತು, ಕಪ್ಪಾಗಿ ಕೂತಿತು.

ಸಭೆಯೆಲ್ಲ ನಕ್ಕಿತು. ನರಿ ಗಡಿ ದಾಟಿದ. ವಾರದೊಳಗೆ ಮೊಟ್ಟೆ ಒಡೆದು ಹಳದಿ ಮರಿ ಬಂತು. ಹುಂಜ ಹೆಂಡತಿಯ ಹಿಂದೆ ಹಿಂದೆಯೇ ಓಡಾಡಿದ. ಅವನಂಥ ಅದೃಷ್ಟವಂತ ಆ ರಾಜ್ಯದಲ್ಲಿ ಇರಲಿಲ್ಲ.

ಅದಕ್ಕೇ ಹೇಳೋದು, ಮಕ್ಕಳೇ. ಆಗುತ್ತೆ, ಆಗಲ್ಲ ಅಂತ ಮಾತು ಎರಡಿದ್ದ ಮಾತ್ರಕ್ಕೆ ಪಾಲು ಸಮ ಅಲ್ಲ. ದಾರಿ ಎಣಿಸಿ ನೋಡಿ. ಸಮ ಅಂತ ಆಣೆ ಇಡೋನಿಗೆ, ಜಾಗ ಬದಲಾಯಿಸೋಣ ಬಾ ಅನ್ನಿ.