ಉಪ್ಪುನೀರಿಗೆ ಬಂದ ಅಕ್ಕ

ಬಣ್ಣದ ಮೀನು ಮಾರುವ ಅಂಗಡಿಯೊಂದರಲ್ಲಿ ಎರಡು ಗಾಜಿನ ತೊಟ್ಟಿಗಳು ಅಕ್ಕಪಕ್ಕ ಇದ್ದವು. ಒಂದರಲ್ಲಿ ಸಿಹಿನೀರು, ಇನ್ನೊಂದರಲ್ಲಿ ಸಮುದ್ರದ ಉಪ್ಪುನೀರು. ಸಿಹಿನೀರಿನಲ್ಲಿ ಹುಟ್ಟಿದ ಕಪ್ಪು ಮೊಲಿ ಮೀನೊಂದು ಈಗ ಉಪ್ಪುನೀರಿನಲ್ಲಿ ಹಾಯಾಗಿತ್ತು. ಅದರ ತಂಗಿ ಬಿಳಿ ಮೊಲಿ ಮಾತ್ರ ಹಳೆಯ ತೊಟ್ಟಿಯಲ್ಲೇ ಉಳಿದಿತ್ತು.

"ಅಕ್ಕಾ, ಆ ಉಪ್ಪು ನಿನಗೆ ಉರಿಯಲಿಲ್ಲವೇ?" ಎಂದು ತಂಗಿ ಗಾಜಿಗೆ ಮೂತಿಯೊತ್ತಿ ಕೇಳಿತು.

ಅಂಗಡಿಯವನು ಅಕ್ಕನನ್ನು ಬೇರೆ ಪಾತ್ರೆಯಲ್ಲಿಟ್ಟು, ದಿನಕ್ಕೊಂದು ಲೋಟ ಉಪ್ಪುನೀರು ಬೆರೆಸುತ್ತ, ಇಪ್ಪತ್ತು ದಿನ ಪಳಗಿಸಿದ್ದ. ಮೊದಲ ವಾರವೆಲ್ಲ ಅದು ಮೇವು ಮುಟ್ಟದೆ ತಳದಲ್ಲಿ ಬಿದ್ದುಕೊಂಡಿತ್ತು. ಆದರೆ ಈಗ ಹೊಸ ನೆರೆಹೊರೆಯವರು ಕೇಳಿಸಿಕೊಳ್ಳುತ್ತಿದ್ದರು.

"ಉರಿಯುವುದೇನು ಬಂತು? ಧೈರ್ಯವಿದ್ದವರಿಗೆ ಎಲ್ಲ ನೀರೂ ಒಂದೇ," ಎಂದಿತು ಅಕ್ಕ.

"ಹಾಗಾದರೆ ನಾನೂ ಬರಲೇ? ನೀನಿಲ್ಲದೆ ಇಲ್ಲಿ ಹೊತ್ತೇ ಹೋಗುವುದಿಲ್ಲ."

"ಬಾ. ನಾನು ಬಂದಿಲ್ಲವೇ?"

ಮರುದಿನ ಮೇವು ಹಾಕಲು ಎರಡೂ ತೊಟ್ಟಿಗಳ ಮುಚ್ಚಳ ತೆಗೆದಾಗ ತಂಗಿ ಜಿಗಿದು ಉಪ್ಪುನೀರಿಗೆ ಬಿತ್ತು. ಸ್ವಲ್ಪ ಹೊತ್ತಿಗೆಲ್ಲ ಅದರ ಕಿವಿರು ಬಿಗಿಯಿತು, ಮೈ ಒಂದು ಬದಿಗೆ ವಾಲಿತು. ಅಕ್ಕ ಕೆಳಗೆ ನುಸುಳಿ ಅದನ್ನು ಬೆನ್ನಿನ ಮೇಲೆ ಆನಿಸಿಕೊಂಡಿತು.

"ನನಗೆ ಧೈರ್ಯ ಸಾಲಲಿಲ್ಲ ಅಕ್ಕಾ," ಎಂದ ತಂಗಿ ಮತ್ತೆ ಮಾತಾಡಲಿಲ್ಲ.

"ಹೌದು, ನಿನ್ನ ಧೈರ್ಯ ಎಲ್ಲರಿಗೂ ಎಲ್ಲಿಂದ ಬರಬೇಕು?" ಎಂದು ನೆರೆಯ ಏಡಿ ಸಮಾಧಾನ ಹೇಳಿತು.

"ಅವಳ ಧೈರ್ಯ ನನ್ನದಕ್ಕಿಂತ ದೊಡ್ಡದು," ಎಂದಿತು ಅಕ್ಕ. "ನನಗೆ ಇಪ್ಪತ್ತು ದಿನ ಸಿಕ್ಕಿತ್ತು. ಅದನ್ನು ಹೇಳಲು ನಾಚಿಕೊಂಡೆ."